ಬಳೆ ವ್ಯಾಪಾರಿಯ ದಪ್ಪ ರಾಡು

"ಬುದ್ಧಿ, ಒಳ್ಳೆಯದಾಗಲಿ ಅಂತಲೇ ಮಾಡಿದ ಕೆಲಸದಿಂದ ಜನ ಏಕೆ ದೂರವಾಗುತ್ತಾರೆ?"

ಕೇಳಿದವನು ನಿಜಗುಣ. ಮಠದ ಹಿಂದಿನ ಹಜಾರದಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಓದುಬರಹ ಕಲಿಸುವ ಶಾಲೆಯನ್ನು ಅವನೇ ನಡೆಸುತ್ತಿದ್ದ. ಕೇಳಿಸಿಕೊಂಡವರು ಮಠದ ಹಿರಿಯ ಸ್ವಾಮಿಗಳು. ಊರವರು ಅವರನ್ನು ದೊಡ್ಡಬುದ್ಧಿ ಎನ್ನುತ್ತಿದ್ದರು. ಅವರು ಎಳೆಬಿಸಿಲಿಗೆ ಕಾಲು ಚಾಚಿ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

"ಯಾವ ಒಳ್ಳೆಯದು, ಯಾವ ಜನ? ಬಿಡಿಸಿ ಹೇಳಪ್ಪ" ಎಂದರು.

ನಿಜಗುಣ ಬಿಡಿಸಿ ಹೇಳಿದ. ಶಾಲೆ ಮೊದಲು ಸಂತೆಯ ಹಾಗಿತ್ತು. ಬರುವವರು ತಮಗೆ ಬಿಡುವಾದಾಗ ಬರುತ್ತಿದ್ದರು, ಕಂಕುಳಲ್ಲಿ ಕೂಸನ್ನು ಇಟ್ಟುಕೊಂಡೇ ಬರುತ್ತಿದ್ದರು. ಒಂದು ಅಕ್ಷರ ತಿದ್ದುವಷ್ಟರಲ್ಲಿ ಒಬ್ಬರ ಮನೆಯ ಮದುವೆ ಮಾತು, ಇನ್ನೊಂದು ತಿದ್ದುವಷ್ಟರಲ್ಲಿ ಮತ್ತೊಬ್ಬರ ಮನೆಯ ಜಗಳ. ನಡುವೆ ಟೀ ಬೇರೆ. ಪಾಠ ಅತ್ತ ವಾಲಿ ಇತ್ತ ವಾಲಿ ಹೇಗೋ ಸಾಗುತ್ತಿತ್ತು. ಅದನ್ನು ಅವನು ನೆಟ್ಟಗೆ ಮಾಡಿದ. ಗಂಟೆ ಹೊಡೆದ ಮೇಲೆ ಬಾಗಿಲು ಹಾಕಿಸಿದ. ಮಾತು ನಿಲ್ಲಿಸಿದ, ಟೀ ನಿಲ್ಲಿಸಿದ, ಎಲ್ಲರನ್ನೂ ಸಾಲಾಗಿ ಕೂರಿಸಿದ. ಈಗ ಪಾಠ ಗೆರೆ ಎಳೆದ ಹಾಗೆ ಹೋಗುತ್ತದೆ. ಆದರೆ ಕೂರುವ ಜಾಗ ಅರ್ಧಕ್ಕರ್ಧ ಖಾಲಿ.

"ಪುಟ್ಟನಂಜಮ್ಮನೂ ಬರುತ್ತಿಲ್ಲ ಬುದ್ಧಿ" ಎಂದ.

ಪುಟ್ಟನಂಜಮ್ಮ ಮಠದ ಬಾಗಿಲಲ್ಲಿ ಹೂ ಮಾರುವವಳು, ಅವನ ಮೊಟ್ಟಮೊದಲ ವಿದ್ಯಾರ್ಥಿ. ಬಸ್ಸಿನ ಬೋರ್ಡನ್ನು ಮೊದಲ ಸಲ ತಾನೇ ಓದಿದ ದಿನ ಓಡಿಬಂದು ಅವನ ಕೈಗೆ ಒಂದು ಮೊಳ ಮಲ್ಲಿಗೆ ಹಾಕಿದ್ದಳು. ಶಾಲೆ ನಡೆಸಬೇಕೆಂಬ ಹುಚ್ಚು ಅವನಿಗೆ ಹಿಡಿದದ್ದೇ ಆ ದಿನ.

"ಬಾರದವರನ್ನೇ ಕೇಳಬೇಕಿತ್ತು" ಎಂದರು ದೊಡ್ಡಬುದ್ಧಿ.

"ಕೇಳದೆ ಇರುತ್ತೇನೆಯೇ? ಮನೆಮನೆಗೆ ಹೋಗಿ ಕೇಳಿದೆ. ನಿಮಗೋಸ್ಕರ ಇಷ್ಟೆಲ್ಲ ಮಾಡಿದ್ದೇನೆ, ಹೇಗಿದೆ ಹೇಳಿ ಅಂದೆ. ಎಲ್ಲರದ್ದೂ ಒಂದೇ ಮಾತು, ಚೆನ್ನಾಗಿದೆ ಅಂತ. ಪುಟ್ಟನಂಜಮ್ಮನೂ ಹಾಗೇ ಅಂದಳು. 'ಶಾಲೆ ಚೆನ್ನಾಗಿದೆ ಮೇಷ್ಟ್ರೇ, ನನಗೇ ಪುರುಸೊತ್ತಿಲ್ಲ.' ಅಂದಮೇಲೆ ತಪ್ಪು ನನ್ನದಲ್ಲ ತಾನೆ? ಅವರಿಗೇ ಕಲಿಯುವ ಮನಸ್ಸಿಲ್ಲ. ಇದು ಸಾಕು. ನಾಳೆಯಿಂದ ಶಾಲೆ ಮುಚ್ಚಿಬಿಡುತ್ತೇನೆ, ತಮ್ಮ ಅಪ್ಪಣೆಯಾಗಬೇಕು."

ಶಾಲೆ ಮುಚ್ಚುವುದೆಂದರೆ ಅವನಿಗೆ ತನ್ನ ಕೈ ತಾನೇ ಕಡಿದುಕೊಂಡಂತೆ.

"ಅಪ್ಪಣೆ ಎಲ್ಲಿ ಓಡಿಹೋಗುತ್ತದೆ, ಕೊಟ್ಟರಾಯಿತು" ಎಂದರು ದೊಡ್ಡಬುದ್ಧಿ. "ಮೊದಲು ಕೂತುಕೋ. ಒಂದು ಕಾರಿನ ಕತೆ ಹೇಳುತ್ತೇನೆ."

"ಕಾರಿನ ಕತೆಯೇ?"

"ಏಕೆ, ರಥದ ಕತೆಯಾದರೆ ಮಾತ್ರ ಕೇಳುತ್ತೀಯೋ? ಭಕ್ತರು ನನ್ನನ್ನು ಕೂರಿಸಿಕೊಂಡು ತಿರುಗುವುದು ಕಾರಿನಲ್ಲೇ ಕಣಯ್ಯ. ನನಗೆ ಗೊತ್ತಿರುವುದನ್ನು ತಾನೆ ನಾನು ಹೇಳಬೇಕು."

ನಿಜಗುಣ ಕೂತ. ದೊಡ್ಡಬುದ್ಧಿ ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಕತೆ ಶುರುಮಾಡಿದರು.

ಬೆಟ್ಟದ ಬುಡದ ಪೇಟೆಯಲ್ಲಿ ಒಬ್ಬ ಬಳೆ ವ್ಯಾಪಾರಿ ಇದ್ದ. ಅವನಿಗೊಂದು ಸಣ್ಣ ಕಾರು. ತಿಂಗಳಿಗೊಮ್ಮೆ ಬೆಟ್ಟ ಹತ್ತಿ, ಮೇಲಿನ ಊರಿನ ಅಂಗಡಿಗಳಿಗೆ ಗಾಜಿನ ಬಳೆ ಕೊಟ್ಟು ಬರುತ್ತಿದ್ದ. ಅವನ ಹೆಂಡತಿಯ ತವರು ಅದೇ ಊರು. ಅವಳೂ ಜೊತೆಗೆ ಹೊರಡುತ್ತಿದ್ದಳು. ಆ ಒಂದು ದಿನಕ್ಕಾಗಿ ತಿಂಗಳೆಲ್ಲ ಕಾಯುತ್ತಿದ್ದಳು. ಹಿಂದಿನ ದಿನವೇ ಚಕ್ಕುಲಿ ಕರಿದು ಡಬ್ಬಿ ತುಂಬುತ್ತಿದ್ದಳು.

ಕಾರಿನ ಮುಂದಿನ ಸೀಟು ಬಳೆಯ ಪೆಟ್ಟಿಗೆಗಳದು. ಗಾಜು ನೋಡು, ಕಣ್ಣೆದುರಿಗೇ ಇರಬೇಕು. ಪೆಟ್ಟಿಗೆಗೆ ಬೆಲ್ಟು ಬೇರೆ ಕಟ್ಟುತ್ತಿದ್ದ. ಹೆಂಡತಿಗೆ ಹಿಂದಿನ ಸೀಟು. ಅದರಲ್ಲೇನೋ ತಪ್ಪಿದೆ ಎಂದು ಅವನಿಗೂ ಅನಿಸಿರಲಿಲ್ಲ, ಅವಳಿಗೂ ಅನಿಸಿರಲಿಲ್ಲ. ಮೊದಲಿನಿಂದ ಹಾಗೆ ನಡೆದುಕೊಂಡು ಬಂದಿತ್ತು.

ತೊಂದರೆ ಇದ್ದದ್ದು ಬೆಟ್ಟದ ತಿರುವುಗಳಲ್ಲಿ. ಬಲಕ್ಕೆ ತಿರುಗಿದರೆ ಕಾರು ಎಡಕ್ಕೆ ವಾಲುತ್ತಿತ್ತು, ಎಡಕ್ಕೆ ತಿರುಗಿದರೆ ಬಲಕ್ಕೆ ವಾಲುತ್ತಿತ್ತು. ಮುಂದೆ ಪೆಟ್ಟಿಗೆ ಜಾರಿ ಒಂದೆರಡು ಬಳೆ ಚೂರಾಗುತ್ತಿದ್ದವು. ಹಿಂದೆ ಹೆಂಡತಿಗೆ ಹೊಟ್ಟೆ ತೊಳಸುತ್ತಿತ್ತು. ಅವಳು ನಿಂಬೆಹಣ್ಣನ್ನು ಉಗುರಿನಿಂದ ಕೆರೆದು ಮೂಸುತ್ತ ದಾರಿ ಕಳೆಯುತ್ತಿದ್ದಳು. ತವರು ಸೇರಿದ ಮೇಲೆ ಸ್ವಲ್ಪ ಹೊತ್ತು ಅಡ್ಡಾಗಿ, ಆಮೇಲೆ ಎದ್ದು ತಂಗಿಯ ಜೊತೆ ಹರಟೆಗೆ ಕೂರುತ್ತಿದ್ದಳು. ಅವಳ ಅವಸ್ಥೆ ನೋಡಿ ವ್ಯಾಪಾರಿಗೆ ಕರುಳು ಚುರುಕ್ ಎನ್ನುತ್ತಿತ್ತು. ಹೆಂಡತಿ ಎಂದರೆ ಅವನಿಗೆ ಪ್ರಾಣ. ಅದನ್ನು ಮರೆಯಬೇಡ ನಿಜಗುಣ, ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ.

ಅವನು ಕಾರನ್ನು ಗ್ಯಾರೇಜಿಗೆ ಒಯ್ದ. ಗ್ಯಾರೇಜಿನವನು ಕೆಳಗೆ ತೂರಿ ನೋಡಿ ಹೊರಗೆ ಬಂದ.

"ಶೆಟ್ಟರೇ, ಹಿಂದಿನ ಎರಡು ಚಕ್ರಗಳ ನಡುವೆ ಅಡ್ಡಕ್ಕೆ ಒಂದು ಕಬ್ಬಿಣದ ರಾಡು ಇದೆ. ತಿರುವಿನಲ್ಲಿ ಕಾರು ವಾಲದ ಹಾಗೆ ಹಿಡಿಯುವುದು ಅದೇ. ನಿಮ್ಮದು ತೀರಾ ತೆಳ್ಳಗಿದೆ. ದಪ್ಪನೆಯದು ಹಾಕಿದರೆ ಕಾರು ನೆಟ್ಟಗೆ ನಿಲ್ಲುತ್ತದೆ, ತಿರುಗಿಸಿದ ಕಡೆಗೆ ಟಕ್ಕನೆ ತಿರುಗುತ್ತದೆ."

"ಹಾಗಾದರೆ ಹಾಕು."

"ಒಂದು ಮಾತು ಇದೆ. ಆ ರಾಡು ಎರಡು ಚಕ್ರಗಳನ್ನೂ ಒಂದಕ್ಕೊಂದು ಕಟ್ಟಿಹಾಕುತ್ತದೆ. ದಪ್ಪವಾದಷ್ಟೂ ಬಿಗಿ. ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದಕ್ಕೂ ಏಟು. ಹಿಂದೆ ಕೂತವರಿಗೆ ಸ್ವಲ್ಪ..."

"ನಾನು ಗುಂಡಿಗೆ ಬೀಳಿಸಿದರೆ ತಾನೆ! ಹಾಕಯ್ಯ ನೀನು."

ಗ್ಯಾರೇಜಿನವನು ಹಾಕಿದ. ಅವನದೇನು ಗಂಟು ಹೋಗಬೇಕು.

ಮುಂದಿನ ತಿಂಗಳು ಬೆಟ್ಟ ಹತ್ತಿದರು. ಕಾರು ವಾಲಲಿಲ್ಲ. ಸ್ಟಿಯರಿಂಗು ಹೀಗೆ ಅಂದರೆ ಹೀಗೆ, ಹಾಗೆ ಅಂದರೆ ಹಾಗೆ. ವ್ಯಾಪಾರಿ ಹಿಗ್ಗಿ ಹೀರೇಕಾಯಿಯಾದ. ವಾಲುವುದು ನಿಂತದ್ದರಿಂದ ವೇಗ ಹೆಚ್ಚಿತು. ಅವನು ಬೇಕೆಂದು ಹೆಚ್ಚಿಸಲಿಲ್ಲ, ಕಾಲು ತಾನಾಗಿಯೇ ಒತ್ತಿತು. ಮೊದಲು ಹೆದರಿ ನಿಧಾನ ಮಾಡುತ್ತಿದ್ದ ತಿರುವನ್ನು ಈಗ ಹಾಡು ಗುನುಗುತ್ತ ದಾಟಿದ. ಮಳೆಗಾಲ ಮುಗಿದು ರಸ್ತೆಯ ಅಂಚೆಲ್ಲ ಗುಂಡಿ ಬಿದ್ದಿತ್ತು. ಅವನು ಕೂತ ಕಡೆ ಅದು ಅಷ್ಟಾಗಿ ತಿಳಿಯಲಿಲ್ಲ.

"ನಿನಗೋಸ್ಕರವೇ ಹಾಕಿಸಿದ್ದು ಕಣೆ. ಹೇಗಿದೆ?" ಎಂದು ಕೇಳಿದ. ಕಣ್ಣು ರಸ್ತೆಯ ಮೇಲೇ ಇತ್ತು.

ಹಿಂದಿನಿಂದ ಹೆಂಡತಿ ಅಂದಳು, "ಚೆನ್ನಾಗಿದೆ."

ಮೇಲಿನ ಊರು ಸೇರಿದ ಮೇಲೆ ಮೊದಲು ಪೆಟ್ಟಿಗೆ ಬಿಚ್ಚಿದ. ಒಂದು ಬಳೆಯೂ ಒಡೆದಿರಲಿಲ್ಲ. ಬಳೆಯೇ ಹೀಗಿರುವಾಗ ಹೆಂಡತಿ ಇನ್ನೆಷ್ಟು ಸುಖವಾಗಿ ಬಂದಿರಬೇಡ ಎಂದುಕೊಂಡ. ಅಂಗಡಿ ಅಂಗಡಿಯಲ್ಲೂ ರಾಡಿನದೇ ಗುಣಗಾನ ಮಾಡಿದ. ಅವಳು ಆ ದಿನವೆಲ್ಲ ತವರಿನ ನಡುಮನೆಯಲ್ಲಿ ಮಲಗಿಯೇ ಇದ್ದಳು. ತಂಗಿ ತಲೆ ಒತ್ತುತ್ತ ಕೂತಿದ್ದಳು. ಅವನು ಬಂದಾಗ ಎದ್ದು ಸೆರಗು ಸರಿಮಾಡಿಕೊಂಡು ಹೊರಟಳು.

ಮರುತಿಂಗಳು ಅವಳು, "ಈ ಸಲ ನೀವೇ ಹೋಗಿಬನ್ನಿ, ಮನೆಯಲ್ಲಿ ಕೆಲಸವಿದೆ" ಅಂದಳು. ಅದರ ಮರುತಿಂಗಳು ಸೊಂಟ ಹಿಡಿದಿದೆ ಅಂದಳು. ಆಮೇಲೆ ಅವನು ಕೇಳುವುದಕ್ಕೆ ಮುಂಚೆಯೇ ಚಕ್ಕುಲಿಯ ಡಬ್ಬಿಯನ್ನು ತಂದು ಅವನ ಕೈಗೆ ಕೊಡತೊಡಗಿದಳು. ಡಬ್ಬಿ ತವರಿಗೆ ಹೋಗಿಬರುತ್ತಿತ್ತು, ಅವಳು ಮಾತ್ರ ಬಾಗಿಲಲ್ಲಿ ನಿಂತು ಕಾರು ತಿರುಗುವವರೆಗೆ ನೋಡುತ್ತಿದ್ದಳು.

ವ್ಯಾಪಾರಿಯ ಮನಸ್ಸು ಮುರಿಯಿತು. ಇವಳಿಗೋಸ್ಕರ ಕಾರಿನ ಹೊಟ್ಟೆಯನ್ನೇ ಬಗೆಸಿದೆ, ಇವಳು ಅದರಲ್ಲಿ ಕೂರುವುದೇ ಇಲ್ಲವಲ್ಲ, ಎಷ್ಟು ಮಾಡಿದರೂ ಅಷ್ಟೇ ಎಂದುಕೊಂಡ. ಮನೆಯಲ್ಲಿ ಮಾತು ಕಮ್ಮಿಯಾಯಿತು. ಊಟಕ್ಕೆ ಬಡಿಸುವಾಗ ಅವಳು ತಲೆ ಎತ್ತುತ್ತಿರಲಿಲ್ಲ, ಉಣ್ಣುವಾಗ ಅವನು ತಲೆ ಎತ್ತುತ್ತಿರಲಿಲ್ಲ.

ಇಲ್ಲಿ ದೊಡ್ಡಬುದ್ಧಿ ನಿಲ್ಲಿಸಿದರು. ನಿಜಗುಣ ತಲೆ ತಗ್ಗಿಸಿಕೊಂಡಿದ್ದ. "ಕೇಳುತ್ತಿದ್ದೀಯೋ, ನಿದ್ದೆಯೋ?" ಎಂದರು. "ಕೇಳುತ್ತಿದ್ದೇನೆ ಬುದ್ಧಿ" ಎಂದ. ಬಳೆ ವ್ಯಾಪಾರಿಯ ಮೇಲೆ ಅವನಿಗೆ ಕನಿಕರ ಹುಟ್ಟಿತ್ತು. ಪಾಪ, ಅವನದೇನು ತಪ್ಪು ಎನಿಸಿತ್ತು. ಕತೆ ಮುಂದುವರಿಯಿತು.

ಹೀಗಿರುವಾಗ ಒಂದು ದಿನ ಪೇಟೆಯ ತನ್ನ ಅಂಗಡಿಯಲ್ಲಿ ಪೆಟ್ಟಿಗೆ ಬಿಚ್ಚುತ್ತ ವ್ಯಾಪಾರಿ ಬಲಗೈಗೆ ಗಾಜು ಚುಚ್ಚಿಸಿಕೊಂಡ. ಅಂಗೈಯೆಲ್ಲ ಪಟ್ಟಿ. ಮೇಲಿನ ಊರಿಗೆ ಸರಕು ಹೋಗಲೇಬೇಕು, ಸ್ಟಿಯರಿಂಗು ಹಿಡಿಯುವ ಹಾಗಿಲ್ಲ. ಸುದ್ದಿ ಕೇಳಿ ಹೆಂಡತಿಯ ತಮ್ಮ ಬೆಟ್ಟ ಇಳಿದು ಬಂದ. "ಚಿಂತೆ ಬಿಡಿ ಭಾವ, ನಾನು ಓಡಿಸುತ್ತೇನೆ" ಅಂದ.

ಮುಂದಿನ ಸೀಟಿಗೆ ಬಳೆಯ ಪೆಟ್ಟಿಗೆ ಏರಿತು, ಬೆಲ್ಟು ಬಿಗಿಯಿತು. ವ್ಯಾಪಾರಿ ಹಿಂದಿನ ಬಾಗಿಲು ತೆಗೆದು ಕೂತ. ಕಾರು ಕೊಂಡಂದಿನಿಂದ ಅವನು ಅಲ್ಲಿ ಕೂತಿರಲಿಲ್ಲ.

ಬೆಟ್ಟ ಶುರುವಾಯಿತು. ಭಾಮೈದನಿಗೆ ಕಾರು ಬಹಳ ಹಿಡಿಸಿತು. "ಕಾರು ಅಂದರೆ ಇದು ಭಾವ! ಹಳಿಯ ಮೇಲೆ ಹೋದ ಹಾಗೆ ಹೋಗುತ್ತದೆ!" ಅಂದ. ವ್ಯಾಪಾರಿ ಎಡಗಡೆ ಕೂತಿದ್ದ. ಎಡಚಕ್ರ ಗುಂಡಿಗೆ ಇಳಿಯಿತು, ಬೆನ್ನುಮೂಳೆಗೆ ಏಟು ಬಿತ್ತು. ಬಲಕ್ಕೆ ಸರಿದು ಕೂತ. ಮತ್ತೆ ಎಡಚಕ್ರವೇ ಗುಂಡಿಗೆ ಇಳಿಯಿತು, ಏಟು ಬಲಕ್ಕೂ ಬಂತು. ತಿರುವಿನಲ್ಲಿ ಕಾರೇನೋ ವಾಲಲಿಲ್ಲ. ಆದರೆ ಕಾರು ವಾಲದಿದ್ದರೇನು, ಇವನು ಸೀಟಿನ ಈ ತುದಿಯಿಂದ ಆ ತುದಿಗೆ ಜಾರಿದ. ಹಿಡಿದುಕೊಳ್ಳಲು ಏನೂ ಇರಲಿಲ್ಲ. ಇಷ್ಟು ವರ್ಷ ತನ್ನನ್ನು ಹಿಡಿದಿದ್ದದ್ದು ಸ್ಟಿಯರಿಂಗು ಎಂದು ಅವನಿಗೆ ಆಗ ತಿಳಿಯಿತು. ಹೊಟ್ಟೆಯೊಳಗಿನದು ಎದೆಗೆ ಬಂತು. ಎಡಗೈಯನ್ನು ಸೀಟಿನ ಸಂದಿಗೆ ತೂರಿಸಿ ಗಟ್ಟಿಯಾಗಿ ಹಿಡಿದ.

ಸಂದಿಯಲ್ಲಿ ಏನೋ ಕೈಗೆ ತಾಗಿತು. ತೆಗೆದು ನೋಡಿದ. ಒಣಗಿ ಕಲ್ಲಾದ ಒಂದು ನಿಂಬೆಹಣ್ಣು. ಅದರ ಮೈಯಲ್ಲಿ ಉಗುರು ಊರದ ಜಾಗವೇ ಇರಲಿಲ್ಲ.

ಅಷ್ಟರಲ್ಲಿ ಭಾಮೈದ ಮುಂದಿನಿಂದ ಕೂಗಿದ, "ನಿಮಗೋಸ್ಕರ ಕೆಲಸ ಬಿಟ್ಟು ಓಡಿಬಂದೆ ಭಾವ. ಹೇಗಿದೆ ನನ್ನ ಡ್ರೈವಿಂಗು?"

ವ್ಯಾಪಾರಿ ಬಾಯಿ ತೆರೆದ. ನಿಧಾನ ಮಾಡಪ್ಪ ಎನ್ನಬೇಕೆಂದುಕೊಂಡ. ಆದರೆ ಹುಡುಗ ತನಗಾಗಿ ಬಂದಿದ್ದಾನೆ. ಎಷ್ಟು ಖುಷಿಯಿಂದ ಓಡಿಸುತ್ತಿದ್ದಾನೆ. ಬೆವರು ಒರೆಸಿಕೊಂಡು ಅವನು ಅಂದ, "ಚೆನ್ನಾಗಿದೆ."

ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಆ ದನಿಯನ್ನು ಅವನು ಮೊದಲೂ ಕೇಳಿದ್ದ. ನಿಂಬೆಹಣ್ಣನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಮೇಲಿನ ಊರು ಬರುವವರೆಗೂ ಅವನು ಅತ್ತ.

ದೊಡ್ಡಬುದ್ಧಿ ಬಟ್ಟಲನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು ಇನ್ನೊಂದು ಮಂಡಿಗೆ ಎಣ್ಣೆ ಹಚ್ಚತೊಡಗಿದರು. ನಿಜಗುಣ ಮುಂದಕ್ಕೆ ಬಾಗಿದ. ಕತೆ ಇನ್ನೂ ಇರಬಹುದು ಎಂದುಕೊಂಡಿದ್ದ.

"ಆಮೇಲೆ ಆ ರಾಡು ತೆಗೆಸಿದನೇ ಬುದ್ಧಿ?"

"ರಾಡಿನ ಮಾತು ಹಾಗಿರಲಿ" ಎಂದರು ದೊಡ್ಡಬುದ್ಧಿ, ಮಂಡಿಯಿಂದ ಕಣ್ಣೆತ್ತದೆ. "ನೀನು ಹೋಗಿ ಕೇಳಿದಾಗ ಪುಟ್ಟನಂಜಮ್ಮ ಏನಂದಳು ಅಂದೆ?"

ನಿಜಗುಣ ಹೇಳಲು ಬಾಯಿ ತೆರೆದ. "ಶಾಲೆ ಚೆನ್ನಾಗಿದೆ..." ಎಂದವನು ಅಲ್ಲಿಗೇ ನಿಲ್ಲಿಸಿ, ಎದ್ದು ಮಠದ ಬಾಗಿಲಿನ ಕಡೆಗೆ ನಡೆದ.