ಜಂಬುರಾಯನಿಗೆ ಮರಳುಗಾಡಿನ ಶಕ್ತಿ ಬಂದದ್ದು

ಏಳು ಹಳ್ಳ ಇಳಿದು ಏಳು ದಿಬ್ಬ ಹತ್ತಿದರೆ ಅಲ್ಲೊಂದು ಊರಿತ್ತಂತೆ. ಊರಿನ ಮುಂದೆ ಹೊಲ, ಊರಿನ ಹಿಂದೆ ಮರಳು. ಮರಳು ಅಂದರೆ ಹೊಳೆದಂಡೆಯ ಮರಳಲ್ಲ ಮತ್ತೆ. ಕಣ್ಣು ಸೋಲುವವರೆಗೂ ಮರಳು, ಕಣ್ಣು ಸೋತ ಮೇಲೂ ಮರಳು.

ಆ ಮರಳುಗಾಡಿನೊಳಗೆ ಶಕ್ತಿ ಇರುವ ಜಾಗ ಮೂರಿವೆ ಅಂತ ಜನ ನಂಬಿದ್ದರಂತೆ. ಮೊದಲನೆಯದು ಕಾದ ಕಲ್ಲು. ಅದಕ್ಕೆ ಬೆನ್ನು ಕೊಟ್ಟು ಕೂತರೆ ಮೈನೋವು ಹೋಗುತ್ತದೆ. ಎರಡನೆಯದು ಹಾಡೋ ದಿಬ್ಬ. ಕಾಲಿಟ್ಟು ಜಾರಿದರೆ ಮರಳೆಲ್ಲ ಗುಂಯ್ ಅನ್ನುತ್ತದೆ, ಕೇಳಿದವರ ಅಂಜಿಕೆ ಬಿಟ್ಟು ಹೋಗುತ್ತದೆ. ಮೂರನೆಯದು ಒಂಟಿ ಜಾಲಿಮರ. ಅದರ ನೆರಳು ಒಬ್ಬರಿಗೆ ಸಾಕು, ಇಬ್ಬರಿಗೆ ಸಾಲದು. ಅಲ್ಲಿ ಕೂತು ಎದ್ದವರ ಎದೆಭಾರ ಇಳಿಯುತ್ತದೆ.

ಜನರನ್ನು ಈ ಮೂರೂ ಕಡೆ ಕರೆದೊಯ್ಯುತ್ತಿದ್ದವಳು ಹುಲಿಗೆವ್ವ. ಗಂಡ ಸತ್ತು ಹದಿನೆಂಟು ವರ್ಷವಾಗಿತ್ತು. ಗಂಡ ತೋರಿಸುತ್ತಿದ್ದ ದಾರಿಯನ್ನೇ ಈಗ ಇವಳು ತೋರಿಸುತ್ತಿದ್ದಳು. ಅವಳ ಬಳಿ ರಂಬೆ ಅನ್ನೋ ಒಂದು ಒಂಟೆ. ಹೆಸರು ರಂಬೆ, ಮುಖ ನೋಡಿದರೆ ಅತ್ತೆಯ ಮೇಲೆ ಮುನಿದ ಸೊಸೆ. ಬಂದವರು ಒಂದು ಪಡಿ ಜೋಳವನ್ನೋ, ಒಂದು ಅಚ್ಚು ಬೆಲ್ಲವನ್ನೋ ಕೊಟ್ಟು ಹೋಗುತ್ತಿದ್ದರು.

"ಯವ್ವಾ, ಖರೇನ ಅಲ್ಲಿ ಶಕ್ತಿ ಐತೇನು?" ಅಂತ ಯಾರಾದರೂ ಕೇಳಿದರೆ ಹುಲಿಗೆವ್ವ, "ಕುಂತು ನೋಡ್ರಿ, ನಿಮಗ ತಿಳೀತೈತಿ" ಅನ್ನುತ್ತಿದ್ದಳಂತೆ. ಅವಳಿಗೂ ಅಷ್ಟೇ ಗೊತ್ತಿದ್ದದ್ದು. ಅಳುತ್ತ ಹೋದವರು ನಗುತ್ತ ಬಂದದ್ದನ್ನು ಕಂಡಿದ್ದಳು. ನಗುತ್ತ ಹೋದವರು ಅಳುತ್ತ ಬಂದದ್ದನ್ನೂ ಕಂಡಿದ್ದಳು. ಎರಡೂ ಒಳ್ಳೆಯದೇ ಅಂದುಕೊಳ್ಳುತ್ತಿದ್ದಳು.

ಆ ನಾಡಿಗೆ ಒಬ್ಬ ರಾಜ, ಜಂಬುರಾಯ ಅಂತ. ಅರಮನೆಯಲ್ಲಿ ಅವನು ಸೀನಿದರೂ "ಆಹಾ, ಎಂಥ ರಾಗ!" ಅನ್ನುವ ಜನ. ಒಂದು ಮದುವೆಯಲ್ಲಿ ಪಕ್ಕದ ನಾಡಿನ ರಾಜ ಇವನಿಗೆ ಸಿಕ್ಕಿ, "ನಿಮ್ಮ ಮರಳುಗಾಡಿಗೆ ಹೋಗಿ ಬಂದೆ ನೋಡ್ರಿ. ಮೂರೂ ಜಾಗದಾಗ ಕುಂತೆ. ಮನಸ್ಸು ಹತ್ತಿಯಂಗ ಹಗುರ ಆಗೈತಿ" ಅಂದನಂತೆ.

ಅಷ್ಟೇ ಸಾಕಾಯಿತು. ಜಂಬುರಾಯನಿಗೆ ಹೊಟ್ಟೆಯೊಳಗೆ ಕೆಂಡ ಬಿತ್ತು. ನನ್ನ ನಾಡು, ನನ್ನ ಮರಳು, ನನ್ನ ಶಕ್ತಿ! ಕುಂಬಾರ ಬಂದು ಕೂರುತ್ತಾನೆ, ಕ್ಷೌರದವ ಬಂದು ಕೂರುತ್ತಾನೆ, ಪಕ್ಕದ ನಾಡಿನವನೂ ಬಂದು ಕೂರುತ್ತಾನೆ. ಹೀಗೆ ಎಲ್ಲರೂ ತುಂಬಿಕೊಂಡು ಹೋದರೆ ನನಗೇನು ಉಳಿಯುತ್ತದೆ?

ಮರುದಿನವೇ ಸಿಪಾಯಿಗಳು ಬಂದು ಮೂರೂ ಜಾಗಕ್ಕೆ ಮುಳ್ಳಿನ ಬೇಲಿ ಹಾಕಿದರು. ರಾಜ ಹುಲಿಗೆವ್ವನನ್ನು ಕರೆಸಿದ.

"ಏ ಮುದುಕಿ, ನಾಳೆ ನಾನು ಬರತೀನಿ. ಮೂರೂ ಜಾಗದ ಶಕ್ತಿ ಒಂದು ಹನಿ ಉಳೀದಂಗ ನನ್ನೊಳಗ ತುಂಬಬೇಕು. ತುಂಬಲಿಲ್ಲ, ನಿನ್ನ ಒಂಟಿ ನನ್ನ ದಂಡಿನ ಅಡಿಗಿಮನಿಗೆ, ನೀನು ಈ ನಾಡಿನ ಹೊರಗ."

ಹುಲಿಗೆವ್ವ ಕೈಮುಗಿದು ಮನೆಗೆ ಬಂದಳು. ರಂಬೆಯ ಕುತ್ತಿಗೆ ತಬ್ಬಿಕೊಂಡು ಒಂದು ಗಳಿಗೆ ಅತ್ತಳು. ಊರು ಬಿಡುವುದಾದರೆ ಎಲ್ಲಿಗೆ ಬಿಡುವುದು? ಮರಳು ಬಿಟ್ಟರೆ ಅವಳಿಗೆ ಬೇರೆ ದಾರಿಯೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಬಾಗಿಲಿಗೆ ಒಬ್ಬ ಹೆಣ್ಣುಮಗಳು ಬಂದು ನಿಂತಳು. ಆರು ದಿನ ನಡೆದು ಬಂದಿದ್ದಳು, ಕಾಲೆಲ್ಲ ಬೊಬ್ಬೆ. ಮುಷ್ಟಿಯಲ್ಲಿ ಒಂದು ಪುಟ್ಟ ಕಾಲ್ಗೆಜ್ಜೆ.

"ಯವ್ವಾ, ನನ್ನ ಕೂಸು ಹೋಗಿಬಿಡ್ತು. ಜಾಲಿಮರದ ಕೆಳಗ ಒಂದಿಷ್ಟೊತ್ತು ಕುಂದರಬೇಕಂತ ಬಂದೆ. ಸಿಪಾಯಿಗೋಳು ಬಿಡವಲ್ಲರು, ದೂಡಿದರು" ಅಂದಳು.

ಹುಲಿಗೆವ್ವನ ಅಳು ಅಲ್ಲೇ ನಿಂತಿತು. ಅಳು ಇದ್ದ ಕಡೆ ಸಿಟ್ಟು ಬಂತು. ಸಿಟ್ಟು ಇದ್ದ ಕಡೆ ನಿಧಾನಕ್ಕೆ ಒಂದು ನಗು ಬಂತು.

"ಕೈಕಾಲು ತೊಳಕೋ ಮಗಳ. ರೊಟ್ಟಿ ತಿನ್ನು. ನಾಕು ದಿನ ನಮ್ಮನಿಯಾಗ ಇರು. ಆ ಬೇಲಿ ಯಾರು ಹಾಕಿಸ್ಯಾರೋ ಅವರ ಕೈಲೇ ಕೀಳಸ್ತೀನಿ" ಅಂದಳಂತೆ.

ಮರುದಿನ ಬಿಸಿಲೇರಿದ ಮೇಲೆ ಜಂಬುರಾಯ ಬಂದ. ಎಂಟು ಜನ ಹೊರುವ ಪಲ್ಲಕ್ಕಿ, ಜೊತೆಗೆ ಮಂತ್ರಿ. ಹುಲಿಗೆವ್ವ ಮುಂದೆ, ರಂಬೆ ಹಿಂದೆ.

ಮೊದಲು ಕಾದ ಕಲ್ಲು. ಜನ ಅಲ್ಲಿಗೆ ಹೋಗುತ್ತಿದ್ದದ್ದು ಎಳೆಬಿಸಿಲಿನಲ್ಲಿ. ರಾಜನನ್ನು ಕೂರಿಸಿದ್ದು ನಡುಮಧ್ಯಾಹ್ನ. ಕೂತವನೇ ಜಂಬುರಾಯ "ಹಾ!" ಅಂದ.

"ಏರಾಕತ್ತೈತ್ರಿ ಶಕ್ತಿ?" ಅಂದಳು ಹುಲಿಗೆವ್ವ.

"ಏರಾಕತ್ತೈತಿ, ಏರಾಕತ್ತೈತಿ! ಇನ್ನ ಸಾಕೇನು?"

"ಒಂದು ಹನೀನೂ ಉಳೀಬಾರದು ಅಂದಿದ್ರೆಲ್ಲ, ಮಾರಾಜರ. ಇನ್ನೊಂದು ಮಗ್ಗಲೂ ಕಾಸ್ರಿ."

ರಾಜ ಹಿಂದೆ ಮುಂದೆ ಚೆನ್ನಾಗಿ ಕಾದು ಎದ್ದ. ಆಮೇಲೆ ಪಲ್ಲಕ್ಕಿಯಲ್ಲಿ ಕೂರಲು ಆಗದೆ ಮಗ್ಗುಲಾಗಿ ಮಲಗಿದ.

ಎರಡನೆಯದು ಹಾಡೋ ದಿಬ್ಬ. "ಇಲ್ಲಿ ಬರಿಗಾಲಿಲೇ ಹತ್ತಬೇಕು, ಕುಂತು ಜಾರಬೇಕು, ಏಳು ಸಲ" ಅಂದಳು. ರಾಜ ಹತ್ತಿದ, ಜಾರಿದ. ಅವನ ತೂಕಕ್ಕೆ ದಿಬ್ಬ ಎಂದೂ ಕೂಗದ ಹಾಗೆ ಕೂಗಿತು, ಗುಂಯ್‌ಯ್‌ಯ್! ಎಲ್ಲಿಂದ ಬಂತು ಸದ್ದು ಅಂತ ಪಲ್ಲಕ್ಕಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಮಂತ್ರಿ ಮುಖ ತಿರುಗಿಸಿ ಶಲ್ಯ ಬಾಯಿಗೆ ತುರುಕಿಕೊಂಡ. ಹೀಗೆ ಏಳು ಸಲ ಹತ್ತಿದ, ಏಳು ಸಲ ಜಾರಿದ, ಏಳು ಸಲ ಕೂಗಿತು.

ಮೂರನೆಯದು ಒಂಟಿ ಜಾಲಿಮರ. ರಾಜ ಉಸ್ಸಪ್ಪಾ ಅಂತ ನೆರಳಲ್ಲಿ ಕುಸಿದ. ಹುಲಿಗೆವ್ವ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳಂತೆ: "ಮಾರಾಜರ, ಮೂರೂ ಜಾಗದ ಶಕ್ತಿ ಈಗ ನಿಮ್ಮೊಳಗ ಬಂದೈತಿ. ಆದರ ಅದಕ್ಕ ಒಂದು ಕೆಲಸ ಹಚ್ಚಬೇಕು. ಒಂದ ಒಂದು. ನಿಮಗ ಬಂಗಾರ ಐತಿ, ದಂಡು ಐತಿ, ನಾಡು ಐತಿ. ಇಲ್ಲದ್ದು ಏನೈತಿ, ವಿಚಾರ ಮಾಡಿ ಕೇಳ್ರಿ."

ಜಂಬುರಾಯ ಗಡ್ಡ ತುರಿಸಿದ. ಎಲ್ಲವೂ ಇದೆ. ಎಲ್ಲರೂ ಹೊಗಳುತ್ತಾರೆ. ಆದರೆ ಪಕ್ಕದ ರಾಜ ಒಮ್ಮೆ "ಅವೆಲ್ಲ ಬಾಯಿಮಾತು" ಅಂದಿದ್ದ. ಅದು ಬಾಯಿಮಾತಲ್ಲ, ನಿಜ ಅಂತ ತೋರಿಸಿಬಿಟ್ಟರೆ?

"ನನ್ನ ಎದುರಿಗೆ ಇನ್ನ ಮುಂದ ಯಾರೂ ಸುಳ್ಳು ಹೇಳಬಾರದು!" ಅಂದ.

ಹುಲಿಗೆವ್ವ ನಗು ನುಂಗಿ, ಮೂರು ಹಿಡಿ ಮರಳು ಅವನ ತಲೆಯ ಮೇಲೆ ಸುರಿದಳು. "ಆಗಲಿ. ಇವತ್ತಿನಿಂದ ನಿಮ್ಮ ಮುಂದ ಸುಳ್ಳು ಹೇಳಿದವರ ನಾಲಿಗಿ ಮುಳಗಾಯಿಯಂಗ ಊದತೈತಿ. ಬಾಯಾಗೂ ಹಿಡಿಯಂಗಿಲ್ಲ, ಒಳಗೂ ಹೋಗಂಗಿಲ್ಲ."

ಮುಳಗಾಯಿ ಅಂದರೆ ಬದನೆಕಾಯಿ. ಎಂಟೂ ಜನ ಪಲ್ಲಕ್ಕಿಯವರು ತಟ್ಟನೆ ಬಾಯಿ ಮುಚ್ಚಿಕೊಂಡರು. ಅವರಿಗೆ ನೀರು ಕೊಡುತ್ತ ಹುಲಿಗೆವ್ವ ಮೆಲ್ಲಗೆ, "ಹೆಂಡರು ಮಕ್ಕಳು ಇರೋರು ನೀವು, ಜ್ವಾಕಿ. ಅರಮನಿಯಾಗಿನ ಮಂದಿಗೂ ಒಂದು ಮಾತು ಹೇಳ್ರಿ" ಅಂದಳು.

ದಾರಿಯಲ್ಲಿ ರಾಜ ದಿನದ ರೂಢಿಯಂತೆ ಕೇಳಿದ: "ಏನ್ರೋ, ಪಲ್ಲಕ್ಕಿ ಭಾರ ಐತೇನು?"

ದಿನವೂ "ಹೂವಿನಂಗ ಅದೀರಿ ಬುದ್ಧಿ" ಅನ್ನುತ್ತಿದ್ದ ಮುಂದಿನವನು ನಾಲಿಗೆಯನ್ನು ಒಮ್ಮೆ ಹಲ್ಲಿಗೆ ಸವರಿ ನೋಡಿಕೊಂಡು, "ಹೌದ್ರಿ. ಹೆಣಭಾರ. ಹೋದ ವರ್ಷ ಆರು ಮಂದಿ ಹೊರತಿದ್ವಿ" ಅಂದ.

ರಾಜ ಪಲ್ಲಕ್ಕಿಯ ಪರದೆ ಎಳೆದುಕೊಂಡ.

ಸುದ್ದಿ ಪಲ್ಲಕ್ಕಿಗಿಂತ ಮುಂದೆ ಓಡಿತ್ತು. ರಾಜ ಕಾಲು ತೊಳೆಯುವಷ್ಟರಲ್ಲಿ ಅರಮನೆಯಲ್ಲಿ ಎಲ್ಲರೂ ಕನ್ನಡಿ ಹಿಡಿದು ನಾಲಿಗೆ ನೋಡಿಕೊಳ್ಳುತ್ತಿದ್ದರಂತೆ.

ಊಟಕ್ಕೆ ಕೂತ ಜಂಬುರಾಯ ಅಡಿಗೆಯವನನ್ನು ಕರೆದ. "ನನ್ನಂಗ ರುಚಿ ಬಲ್ಲವರು ಈ ನಾಡಿನಾಗ ಯಾರದಾರ?"

ಅಡಿಗೆಯವ ಸೌಟು ಕೆಳಗಿಟ್ಟು ಕೈಮುಗಿದ. "ಬುದ್ಧಿ, ತಪ್ಪಾತು. ನೀವು ಹೊಗಳಿದ ಆ ಹನ್ನೆರಡು ಮಸಾಲಿ ಸಾರು, ಹಿಂದಿನ ದಿನ ಉಳಿದದ್ದರಾಗ ಬಿಸಿನೀರು ಹಾಕಿದ್ದು. ಒಂದಿನ ಪಾಯಸಕ್ಕ ಬೆಲ್ಲಾನ ಮರತಿದ್ದೆ. ಅವತ್ತು ನನಗ ಕಡಗ ಕೊಟ್ರಿ."

ತುತ್ತು ಅಲ್ಲೇ ಉಳಿಯಿತು. ರಾಜ ಎದ್ದು ಮಂತ್ರಿಯ ಹತ್ತಿರ ಹೋದ. ಗೋಡೆಯ ಮೇಲೆ ರಾಜ ಹೊಡೆದ ಹುಲಿಯ ಚರ್ಮ ತೂಗುತ್ತಿತ್ತು.

"ಅಡಿಗಿಯವಂದು ಬಿಡು. ನನ್ನ ಶೌರ್ಯ ನೀನು ಕಣ್ಣಾರೆ ಕಂಡೀಯಲ್ಲ, ಹೇಳು" ಅಂದ.

ಮಂತ್ರಿ ಹುಲಿಯನ್ನು ನೋಡಿದ, ನೆಲ ನೋಡಿದ. "ಪ್ರಭು, ಆ ಹುಲಿ ಹಿಂದಿನ ದಿನಾನ ಸತ್ತಿತ್ತು. ನಾವ ಅದಕ್ಕ ಕೋಲು ಕೊಟ್ಟು ಪೊದಿಯಾಗ ನಿಲ್ಲಿಸಿದ್ವಿ. ನೀವು ಬಾಣ ಬಿಟ್ರಿ. ಅದು ತಾಗಿದ್ದು ಕೋಲಿಗೆ."

ಜಂಬುರಾಯ ಹುಲಿಯ ಕಡೆ ತಿರುಗಿಯೂ ನೋಡಲಿಲ್ಲ. ಅಲ್ಲಿಂದ ನೇರ ರಾಣಿಯ ಮನೆಗೆ ಹೋದ. "ಇವರೆಲ್ಲ ಹೊರಗಿನವರು. ನೀನು ಹೇಳು. ನನ್ನ ಮ್ಯಾಲ ನಿನಗ ಎಷ್ಟು ಪ್ರೀತಿ?"

ರಾಣಿ ಹೂ ಕಟ್ಟುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು: "ನಾನು ಈ ಮನಿಗೆ ಬಂದು ಹನ್ನೆರಡು ವರ್ಷ ಆತು. ಒಂದ ಸಲಾನೂ ನನ್ನ ಹೆಸರು ಹಿಡಿದು ಕರದಿಲ್ಲ ನೀವು. ಹೇಳ್ರಿ ನೋಡೋಣು, ನನ್ನ ಹೆಸರು ಏನು?"

ರಾಜ ಬಾಯಿ ತೆರೆದ. ಬಾಯಿ ಮುಚ್ಚಿದ. ಮತ್ತೆ ತೆರೆದ. ಹೆಸರು ಬರಲಿಲ್ಲ. ರಾಣಿ ಹೂ ಕಟ್ಟುತ್ತಲೇ ಇದ್ದಳು.

ಮೂರು ದಿನ ಜಂಬುರಾಯ ಯಾರನ್ನೂ ಏನೂ ಕೇಳಲಿಲ್ಲ. ಇವತ್ತು ಯಾವ ವಾರ ಅಂತ ಕೇಳಲೂ ಹೆದರಿಕೆ. ಬೆಳಿಗ್ಗೆ ಬೆಳಿಗ್ಗೆ "ಜಯವಾಗಲಿ" ಅನ್ನುತ್ತಿದ್ದ ಪಂಜರದ ಗಿಳಿಯೂ ಅವನನ್ನು ಕಂಡು ಸುಮ್ಮನೆ ಕಾಳು ಕುಟುಕಿತಂತೆ. ಅದನ್ನು ತಡೆಯಲಾಗಲಿಲ್ಲ ಅವನಿಗೆ. ಪಲ್ಲಕ್ಕಿ ಬೇಡ ಅಂದ, ಕೊಡೆ ಬೇಡ ಅಂದ, ಬಿಸಿಲಲ್ಲಿ ಓಡುತ್ತ ಓಡುತ್ತ ಹುಲಿಗೆವ್ವನ ಮನೆಗೆ ಬಂದ. ಹಿಂದೆ ಏದುಸಿರು ಬಿಡುತ್ತ ಮಂತ್ರಿ.

"ತಗೊಳ್ಳವ್ವಾ ನಿನ್ನ ಶಕ್ತಿ! ನನಗ ಬ್ಯಾಡ. ತಗದುಬಿಡು!"

ಹುಲಿಗೆವ್ವ ರಂಬೆಗೆ ಮೇವು ಹಾಕುತ್ತಿದ್ದಳು. "ಹ್ಯಾಂಗ ತಗೀಲಿ ಮಾರಾಜರ? ಅದರ ಮನಿಗೆ ನೀವು ಬೇಲಿ ಹಾಕೀರಿ. ಒಳಗ ಹೋಗಾಕ ದಾರಿ ಬೇಕಲ್ಲ."

"ಈಗ ಸಿಪಾಯಿಗೋಳಿಗೆ ಹೇಳ್ತೀನಿ, ಕೀಳತಾರ."

"ಸಿಪಾಯಿಯೊಳಗ ಶಕ್ತಿ ಇಲ್ರಿ, ನಿಮ್ಮೊಳಗ ಐತಿ. ಕೀಳೋ ಕೈ ನಿಮ್ಮದ ಆಗಬೇಕು."

ಜಂಬುರಾಯ ಮೂರೂ ಬೇಲಿಯನ್ನು ತನ್ನ ಕೈಯಾರೆ ಕಿತ್ತ. ಹತ್ತೂ ಬೆರಳಿಗೆ ಮುಳ್ಳು ಚುಚ್ಚಿದವು. ಕೊನೆಗೆ ಜಾಲಿಮರದ ಹತ್ತಿರ ಬಂದು ಇನ್ನೇನು ಕೂರಬೇಕು, ಹುಲಿಗೆವ್ವ ಅಡ್ಡ ಬಂದಳು. ಅವಳ ಜೊತೆ ಆ ಹೆಣ್ಣುಮಗಳಿದ್ದಳು.

"ತಡೀರಿ. ಈಕಿ ನಿಮಗಿಂತ ಮೊದಲ ಬಂದಾಕಿ. ಸರತಿ ಅಂದರ ಸರತಿ."

ಮಂತ್ರಿಯ ಜೀವ ಬಾಯಿಗೆ ಬಂತು. ಆದರೆ ರಾಜ ಹಿಂದೆ ಸರಿದು ಬಿಸಿಲಲ್ಲಿ ನಿಂತ.

ಹೆಣ್ಣುಮಗಳು ನೆರಳಲ್ಲಿ ಕೂತಳು. ಗೆಜ್ಜೆಯನ್ನು ಮಡಿಲಲ್ಲಿಟ್ಟುಕೊಂಡಳು. ಅದನ್ನು ಸವರುತ್ತ ಅತ್ತಳು, ಮರಳಿಗೆ ಹಣೆ ಹಚ್ಚಿ ಅತ್ತಳು. ಜಂಬುರಾಯ ಬಿಸಿಲಲ್ಲಿ ನಿಂತೇ ಇದ್ದ. ಅವನೆದುರು ಯಾರೂ ಹೀಗೆ ಅತ್ತಿರಲಿಲ್ಲ. ಏನು ಮಾಡಬೇಕು ತಿಳಿಯದೆ, ತನ್ನ ಶಲ್ಯ ತೆಗೆದು, ನೆರಳು ಸರಿದ ಕಡೆ ಅವಳ ಬೆನ್ನಿಗೆ ಬಿಸಿಲು ತಾಗದ ಹಾಗೆ ಹಿಡಿದ. ಹೊತ್ತು ಇಳಿಯುವವರೆಗೂ ಹಿಡಿದಿದ್ದ. ಹುಲಿಗೆವ್ವ ಅದನ್ನು ನೋಡಿದಳು. ಅವಳ ಸಿಟ್ಟು ಅರ್ಧ ಇಳಿಯಿತಂತೆ. ಪೂರ್ತಿ ಅಲ್ಲ, ಅರ್ಧ.

ಹೆಣ್ಣುಮಗಳು ಎದ್ದು ಮುಖ ಒರೆಸಿಕೊಂಡು, "ನೀರು ಐತೇನಬೇ?" ಅಂದಳು. ಆರು ದಿನ ನಡೆದು ಬಂದ ಮೇಲೆ ಅವಳು ತಾನಾಗಿ ತಿನ್ನಲು ಕುಡಿಯಲು ಏನಾದರೂ ಕೇಳಿದ್ದು ಅದೇ ಮೊದಲು. ಹುಲಿಗೆವ್ವ ಚೊಂಬು ಕೊಟ್ಟಳು.

ಆಮೇಲೆ ರಾಜ ಕೂತ. ಕಣ್ಣು ಮುಚ್ಚಿದ. ಬಹಳ ಹೊತ್ತು ಕೂತವನು ಇದ್ದಕ್ಕಿದ್ದಂತೆ "ಗೌರಾಂಬಿಕೆ!" ಅಂತ ಕೂಗಿದ. "ರಾಣಿ ಹೆಸರು ಗೌರಾಂಬಿಕೆ! ನೆನಪಾತು!"

ಎದ್ದು ನಿಂತು ಮೈ ಕೊಡವಿದ. "ಶಕ್ತಿ ಹೋತೋ, ಇನ್ನೂ ಐತೋ?" ಅಂತ ಹುಲಿಗೆವ್ವನನ್ನು ಕೇಳಿದ.

"ಪರೀಕ್ಷಾ ಮಾಡ್ರಿ. ಮಂತ್ರಿಗಳನ್ನ ಏನರ ಕೇಳ್ರಿ."

ರಾಜನ ಮುಖವೆಲ್ಲ ಸುಟ್ಟು ಕೆಂಪಾಗಿತ್ತು, ಗಡ್ಡದಲ್ಲಿ ಮರಳು, ಅಂಗಿ ಹರಿದಿತ್ತು. "ಮಂತ್ರಿ, ನಾನೀಗ ಹ್ಯಾಂಗ ಕಾಣತೀನಿ?"

ಮಂತ್ರಿ ಹುಲಿಗೆವ್ವನ ಕಡೆ ನೋಡಿದ. ಅವಳು ಹೂಂ ಅನ್ನುವಂತೆ ತುಸುವೇ ತಲೆಯಾಡಿಸಿದಳು. ಮಂತ್ರಿ ಉಸಿರು ಬಿಗಿ ಹಿಡಿದು, "ಪ್ರಭು... ಎರಡನೇ ಸೂರ್ಯ ಹುಟ್ಟಿ ಬಂದಂಗ ಕಾಣತೀರಿ!" ಅಂದ.

ರಾಜ ಅವನ ನಾಲಿಗೆ ನೋಡಿದ. ಮಂತ್ರಿಯೂ ತನ್ನ ನಾಲಿಗೆ ನೋಡಿಕೊಂಡ. ಊದಿರಲಿಲ್ಲ.

"ಹೋತು! ಶಕ್ತಿ ಹೋತು!" ಅಂತ ಜಂಬುರಾಯ ಮರಳಿನ ಮೇಲೆ ಕುಣಿದಾಡಿದ. "ಹುಲಿಗೆವ್ವಾ, ಒಂಟಿ ನಿಂದ, ದಾರಿ ನಿಂದ. ಈ ಜಾಗಕ್ಕ ಯಾರು ಬೇಕಾದರೂ ಬರಲಿ, ಯಾರೂ ತಡೀಬಾರದು" ಅಂತ ಹೇಳಿ, ಗೌರಾಂಬಿಕೆ, ಗೌರಾಂಬಿಕೆ ಅಂತ ಬಾಯಿಪಾಠ ಮಾಡುತ್ತ ಮನೆಯ ದಾರಿ ಹಿಡಿದ.

ಮಂತ್ರಿ ಮಾತ್ರ ಒಂದು ಹೆಜ್ಜೆ ಹಿಂದೆ ಉಳಿದ. ಹುಲಿಗೆವ್ವನ ಹತ್ತಿರ ಬಂದು ಪಿಸುಗುಟ್ಟಿದ: "ಯವ್ವಾ, ನಾಲಿಗಿ ಊದೋದು ಖರೇನ ಇತ್ತೇನು?"

ಹುಲಿಗೆವ್ವ ರಂಬೆಯ ಮೂಗುದಾರ ಹಿಡಿದು, ಆ ಹೆಣ್ಣುಮಗಳನ್ನು ಒಂಟೆಯ ಮೇಲೆ ಹತ್ತಿಸುತ್ತ ಅಂದಳಂತೆ: "ನನಗೇನು ಗೊತ್ತರಿ? ಮೂರು ದಿನದಾಗ ನಿಮ್ಮೊಳಗ ಒಬ್ಬರಾದರೂ ಒಂದು ಸುಳ್ಳು ಹೇಳಿ ನೋಡಬೇಕಿತ್ತು."

ಮಂತ್ರಿ ನಾಲಿಗೆ ಹೊರಗೆ ಚಾಚಿ ಇನ್ನೊಮ್ಮೆ ನೋಡಿಕೊಂಡ. ಒಂಟೆ ಹೊರಟಿತು.

ಅವರು ಆ ಮರಳಲ್ಲಿ ಚೆನ್ನಾಗಿದ್ದಾರೆ, ನಾವು ಈ ನೆರಳಲ್ಲಿ ಕೂತಿದ್ದೇವೆ. ಹೇಳಿದವಳ ಗಂಟಲು ಒಣಗಿತು, ಕೇಳಿದವರು ಎದ್ದು ಒಂದು ಚೊಂಬು ಮಜ್ಜಿಗೆ ತನ್ನಿ.