ಫ್ರಾಕಿನ ಒಳಮಡಿಕೆ

ನಮ್ಮ ಪೇಟೆಯ ದರ್ಜಿ ಸಾಮಾನ್ಯನೇನ್ರೀ? ಆನೆಗೆ ಅಂಗಿ ಹೊಲಿದು, ಮಿಕ್ಕ ಬಟ್ಟೆಯಲ್ಲಿ ಮಾವುತನಿಗೂ ಟೋಪಿ ತೆಗೆಯುವವನು! ಅಂಥವನೂ ಅಂದು ಸೂಜಿ ಕೆಳಗಿಟ್ಟು ಎದ್ದು ನಿಂತ. ಅವನ ಅಂಗಡಿಮಳಿಗೆಯ ಮಾಲೀಕ ನಾಗಲಿಂಗಪ್ಪನವರು ಐದು ವರ್ಷದ ಮಗಳನ್ನು ಕರೆತಂದು ಗುಡುಗಿದರು.

“ಇವಳಿಗೆ ಸ್ವಂತ ಮೊಬೈಲು ಕೊಡಿಸಿದೀನಿ. ಅದಕ್ಕೊಂದು ಜೇಬಿಟ್ಟು ಫ್ರಾಕ್ ಹೊಲಿ. ಬೆಳೆಯೋ ಮಗು, ಒಳಗೆ ಮಡಿಕೆ ಬಿಡು. ಕೆಡಿಸಿದ್ಯೋ, ಮಳಿಗೆ ಖಾಲಿ ಮಾಡು!”

ದರ್ಜಿ ಮಗುವಿನ ಕತ್ತಿಗೆ ಅಳತೆ ಟೇಪು ಹಿಡಿದ. ಮಗು ಮೊಬೈಲಿನಿಂದ ತಲೆ ಎತ್ತಲೇ ಇಲ್ಲ. ಹಿಂದೆಲ್ಲ ಚಿಂದಿಬುಟ್ಟಿಗೆ ಕೈಹಾಕಿ ಗೊಂಬೆಗೆ ಸೀರೆ ಹುಡುಕುತ್ತಿದ್ದ ಹುಡುಗಿ! ಅವನಿಗೆ ಪಿಚ್ಚೆನಿಸಿತು.

ವಾರದ ಮೇಲೆ ಮಗಳೊಂದಿಗೆ ಬಂದು ಫ್ರಾಕ್ ನೋಡಿದ ಮಾಲೀಕರು ಕೆಂಡವಾದರು. “ಜೇಬೆಲ್ಲಯ್ಯಾ?”

ದರ್ಜಿ ಫ್ರಾಕನ್ನು ಒಳಮಗ್ಗುಲಿಗೆ ತಿರುಗಿಸಿದ. ಅಂಚಿನ ಮಡಿಕೆಯೊಳಗೆ ಜೇಬು ಬಾಯಿ ಹೊಲಿಸಿಕೊಂಡು ಕೂತಿತ್ತು.

“ಬೆಳೆಯೋ ಮಗು ಅಂತ ನೀವೇ ಅಂದ್ರಲ್ಲ, ಸಾವ್ಕಾರ್ರೆ. ಮಿಕ್ಕ ಉದ್ದಾನ ಒಳಗೆ ಮಡಚಿದೀನಿ. ಜೇಬನ್ನೂ ಅಲ್ಲೇ ಮಡಚಿದೀನಿ. ಬೆಳೆದ ಮೇಲೆ ಎರಡನ್ನೂ ಒಟ್ಟಿಗೆ ಬಿಚ್ಚಿಕೊಡ್ತೀನಿ.”

ಮಾಲೀಕರು ಬೈಯಲು ಬಾಯಿ ತೆರೆದರು. ಪರದೆಯ ಮೇಲೆ ಬಗ್ಗಿದ ಮಗಳ ಕತ್ತು ಕಣ್ಣಿಗೆ ಬಿತ್ತು. ಮೊಬೈಲನ್ನು ಮೆಲ್ಲಗೆ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು.

ಮಗು ಒಂದಿಷ್ಟು ರಾಗ ಎಳೆಯಿತು. ಆಮೇಲೆ ಚಿಂದಿಬುಟ್ಟಿ ಕಂಡು ತಲೆ ಎತ್ತಿತು. “ಮಾಮಾ, ಕೆಂಪು ತುಂಡು ಇದ್ಯಾ?”

ದರ್ಜಿ ತಟ್ಟನೆ ಟೇಪು ಹಿಡಿದ.

“ಹಾಗೇ ಇರಮ್ಮ! ಕತ್ತು ಹೊಲಿಯೋದು ಬಾಕಿ ಇಟ್ಟಿದ್ದೆ. ಈಗ ಅಳತೆ ಸಿಕ್ತು.”