ಆಶ್ರಮದ ಪಾಲಿನ ಗುಡ್ಡೆ

ಶಿಂಷಾ ಹೊಳೆಯ ದಂಡೆಯಲ್ಲಿ ಬೂದಯ್ಯನೆಂಬ ಗುರುಗಳ ಆಶ್ರಮವಿತ್ತು. ಆಶ್ರಮವೆಂದರೆ ಎರಡು ಗುಡಿಸಲು, ಸುತ್ತ ಬೇಲಿ, ಒಂದು ತಡಿಕೆ ಬಾಗಿಲು. ಊರವರು ಕೊಟ್ಟದ್ದೇ ಊಟ. ರಾಗಿ ಕೊಟ್ಟರೆ ರಾಗಿ, ಬಾಡು ಕೊಟ್ಟರೆ ಬಾಡು. ಇಂಥದ್ದು ಬೇಕು ಎಂದು ಕೇಳುವ ಹಾಗಿರಲಿಲ್ಲ.

ಶಿಷ್ಯ ಒಬ್ಬನೇ, ಶಿವನಂಜ. ಮಡಿಯಲ್ಲಿ ಗುರುವಿಗಿಂತ ಒಂದು ಕೈ ಮೇಲು. ಇಂಥವರು ಎಲ್ಲ ಆಶ್ರಮಗಳಲ್ಲೂ ಒಬ್ಬರಿರುತ್ತಾರೆ. ಬಾಗಿಲು ಕಾಯುವ ಕೆಲಸವನ್ನು ಯಾರೂ ಹೇಳದೆಯೇ ವಹಿಸಿಕೊಂಡಿರುತ್ತಾರೆ.

ಯುಗಾದಿಯ ಮರುದಿನ ಹೊಸತೊಡಕು. ಊರವರು ಸೇರಿ ಆಡು ಕಡಿದು, ಬಾಡನ್ನು ಮುತ್ತುಗದೆಲೆಯ ಮೇಲೆ ಸಮಸಮ ಗುಡ್ಡೆ ಹಾಕಿ ಹಂಚಿಕೊಳ್ಳುವ ದಿನ. ಆಶ್ರಮಕ್ಕೂ ಒಂದು ಗುಡ್ಡೆ ಬರುತ್ತಿತ್ತು.

ಅದನ್ನು ತಂದವನು ಮುದ್ದಯ್ಯ. ಊರಿನಲ್ಲಿ ಆಡು ಕಡಿಯುತ್ತಿದ್ದವನು ಅವನೇ. ಈಗ ತಲೆ ಪೂರ್ತಿ ನರೆತಿತ್ತು. ಎಲೆಯ ಗಂಟು ಕೊಟ್ಟ ಮೇಲೂ ಅವನು ಹೋಗಲಿಲ್ಲ.

“ಸಾಮಿ, ಇವತ್ತಿಂದೇ ಕೊನೇದು. ಮಚ್ಚು ಹೊಳೆಗೆ ಹಾಕ್ಬುಟ್ಟೆ. ಕಣ್ಣು ಮುಚ್ಚುದ್ರೆ ಆಡು ಕೂಗ್ತವೆ. ಗುರುಗಳ ತಾವು ಕಸ ಗುಡಿಸ್ಕೊಂಡು ಬಿದ್ದಿರ್ತೀನಿ. ಒಳಕ್ಕೆ ಬುಡಿ.”

ಶಿವನಂಜ ಗಂಟನ್ನು ಒಳಗೆ ತೆಗೆದುಕೊಂಡ. ಮುದ್ದಯ್ಯನನ್ನು ತೆಗೆದುಕೊಳ್ಳಲಿಲ್ಲ.

“ಇದು ಕೊಂದ ಕೈ. ಇಲ್ಲಿಗೆ ಸಲ್ಲದು,” ಎಂದು ತಡಿಕೆ ಎಳೆದುಕೊಂಡ.

ಮುದ್ದಯ್ಯ ಬೇಲಿಯಾಚೆ ಹೊಂಗೆಮರದ ಕೆಳಗೆ ಕೂತ. ಮತ್ತೆಲ್ಲಿಗೆ ಹೋಗಬೇಕೋ ಅವನಿಗೆ ಗೊತ್ತಿರಲಿಲ್ಲ. ನೋಡಿದವರಿಗೆ ಸಂಕಟವಾಗಬೇಕು, ಹಾಗೆ ಕೂತಿದ್ದ.

ಸ್ವಲ್ಪ ಹೊತ್ತಿಗೆ ಬೂದಯ್ಯ ಹೊಳೆಯಲ್ಲಿ ಮಿಂದು ಬಂದರು.

“ಹೊರಗೆ ಕೂತಿರೋನು ಯಾರೋ?”

“ಮುದ್ದಯ್ಯ, ಬುದ್ಧಿ. ಆಶ್ರಮ ಸೇರ್ಕೊಬೇಕಂತೆ. ಪ್ರಾಣ ತೆಗೆಯೋನು. ಕೊಂದ ಕೈ ಒಳಗೆ ಸಲ್ಲದು ಅಂತ ನಾನು ಬಿಡ್ಲಿಲ್ಲ.”

“ಒಲೆ ಮೇಲೆ ಏನಿದೆ?”

“ಬಾಡಿನ ಸಾರು.”

“ಅದು ಯಾರ ಪ್ರಾಣ?”

ಶಿವನಂಜ ಈ ಪ್ರಶ್ನೆಗೆ ತಯಾರಾಗೇ ಇದ್ದ.

“ಕೊಂದೋನು ಅವನು, ಬುದ್ಧಿ. ನಾನು ಕಣ್ಣಲ್ಲೂ ನೋಡಿಲ್ಲ. ಬೆಳಗ್ಗೆ ಊರ ಕಡೆಯಿಂದ ಆಡು ಕೂಗಿದ್ದು ಕೇಳಿಸ್ತು. ತಕ್ಷಣ ಮಂತ್ರಾನ ಗಟ್ಟಿಯಾಗಿ ಹೇಳೋಕೆ ಶುರು ಮಾಡಿದೆ. ಆಮೇಲೆ ಏನೂ ಕೇಳಿಸ್ಲಿಲ್ಲ.”

“ಒಳ್ಳೇ ಮಂತ್ರ,” ಅಂದರು ಬೂದಯ್ಯ.

“ಕೊಂದ ಪಾಪ ತಿಂದು ಪರಿಹಾರ ಅಂತ ಗಾದೇನೇ ಇದೆಯಲ್ಲ, ಬುದ್ಧಿ.”

“ಅವನ ಪಾಪಾನ ನೀನು ತಿಂದು ತೀರಿಸ್ತೀಯಾ? ಬಹಳ ದೊಡ್ಡ ಮನಸ್ಸು.”

ಶಿವನಂಜನ ಮುಖ ಕೆಂಪಾಯಿತು. ಆದರೂ ಬಿಡಲಿಲ್ಲ.

“ನಾವು ತಿಂದ್ರೂ ಅದು ಸಾಯೋದೇ, ಬಿಟ್ರೂ ಸಾಯೋದೇ. ಸತ್ತ ಮೇಲೆ ಬಂದದ್ದು ಭಿಕ್ಷೆ. ಭಿಕ್ಷೆಗೆ ಪಾಪ ಇಲ್ಲ.”

ಗುರುಗಳು ತಡಿಕೆಯವರೆಗೆ ನಡೆದರು.

“ಮುದ್ದಯ್ಯ, ಹೊಸತೊಡಕಿಗೆ ಆಡು ಹೆಂಗಪ್ಪ ಗೊತ್ತು ಮಾಡ್ತೀರಿ?”

“ಗುಡ್ಡೆ ಯಾರ್ಯಾರಿಗೆ ಬೇಕು ಅಂತ ಮೊದ್ಲು ಕೇಳ್ಕೋತೀವಿ, ಬುದ್ಧಿ. ಆಮೇಲೆ ಆಡು. ಈ ಸಲ ಒಂದೇ ಸಾಕು ಅಂತಿದ್ದೊ. ಕೊನೇಲಿ ಒಂದು ಗುಡ್ಡೆ ಸಾಲ್ದೆ ಬಂತು. ಒಂದು ಮರೀನೂ ಕಡಿಯೋ ಹಂಗಾಯ್ತು.”

“ಕೊನೇಲಿ ಹೇಳ್ದೋರು ಯಾರು?”

ಮುದ್ದಯ್ಯ ತಲೆ ತಗ್ಗಿಸಿದ. ಚಾಡಿ ಹೇಳುವ ಜಾಯಮಾನ ಅವನದಲ್ಲ.

ಶಿವನಂಜನೇ ಬಾಯಿ ಬಿಡಬೇಕಾಯಿತು.

“ನಾನೇ, ಬುದ್ಧಿ. ಮೊನ್ನೆ ಭಿಕ್ಷೆಗೆ ಹೋದಾಗ, ಆಶ್ರಮದ ಗುಡ್ಡೆ ಮರೀಬೇಡಿ ಅಂದಿದ್ದೆ. ಹೋದ ವರ್ಷ ಮೂಳೆಯೇ ಜಾಸ್ತಿ ಬಂದಿತ್ತು ಅಂತಾನೂ…”

“ಭಿಕ್ಷೆ ತಾನಾಗಿ ಬರ್ತದೆ, ಮಗ. ಹೇಳಿ ತರಿಸಿಕೊಂಡದ್ದು ಭಿಕ್ಷೆಯಲ್ಲ,” ಅಂದು ಗುರುಗಳು ಮತ್ತೆ ಮುದುಕನ ಕಡೆ ತಿರುಗಿದರು. “ಗುಡ್ಡೆಗೆ ಏನೇನು ಹಾಕ್ತೀಯ, ಮುದ್ದಯ್ಯ?”

“ಎಲ್ಲಾದ್ರಲ್ಲೂ ಒಂದೊಂದು ಚೂರು, ಬುದ್ಧಿ. ಈಲಿ, ಮೂಳೆ, ಕೊಬ್ಬು. ಒಬ್ರಿಗೆ ಹೆಚ್ಚು, ಒಬ್ರಿಗೆ ಕಮ್ಮಿ ಆದ್ರೆ ಜಗಳ ಬೀಳ್ತದೆ.”

“ಮತ್ತೆ ಕೊಂದಿದ್ದು? ಅದನ್ನೂ ಗುಡ್ಡೆ ಹಾಕ್ತೀಯಾ?”

“ಅದನ್ಯಾರು ಈಸ್ಕೋತಾರೆ, ಬುದ್ಧಿ? ಅದು ಪೂರಾ ನಂಗೇ ಉಳೀತದೆ.”

ಅವನು ದೂರಲಿಲ್ಲ. ಊರಿನ ವಾಡಿಕೆ ಹೇಳಿದ ಹಾಗೆ ಹೇಳಿದ.

ಬೂದಯ್ಯ ತಡಿಕೆ ತೆಗೆದು ಹೊರಗೆ ಹೋಗಿ ಅವನ ಪಕ್ಕ ಮಣ್ಣಿನಲ್ಲಿ ಕೂತರು.

“ಬುದ್ಧಿ, ನೀವ್ಯಾಕೆ ಅಲ್ಲಿ?” ಶಿವನಂಜ ಗಾಬರಿಯಾದ.

“ಕೊಂದ ಕೈ ಒಳಗೆ ಸಲ್ಲದು ಅಂದೆಯಲ್ಲ. ಹೋದ ವರ್ಷದ ಗುಡ್ಡೇಲಿ ನಾನೂ ತಿಂದೆ, ಅದರ ಹಿಂದಿನ ವರ್ಷದ್ರಲ್ಲೂ ತಿಂದೆ. ಇವನ ಮಚ್ಚಿಗೆ ನನ್ನ ಕೈಯೂ ಸೇರಿದೆ. ನೀನು ಒಳಗೇ ಇರು. ಶುದ್ಧವಾದೋರು ಒಬ್ಬರಾದ್ರೂ ಇರ್ಲಿ.”

ಶಿವನಂಜ ಒಬ್ಬನೇ ಉಳಿದ. ಸಾರು ಕುದಿಯುತ್ತಲೇ ಇತ್ತು. ಘಮಕ್ಕೆ ಬಾಯಲ್ಲಿ ನೀರು ಬಂತು, ಅದರ ಹಿಂದೆಯೇ ನಾಚಿಕೆಯೂ ಬಂತು. ಕೂತ, ಎದ್ದ, ಮಡಕೆಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದ. ಎರಡೇ ಗುಡಿಸಲಿನ ಆಶ್ರಮ ಅವತ್ತು ಅವನಿಗೆ ತೀರ ದೊಡ್ಡದಾಗಿ ಕಂಡಿತು.

ಕೊನೆಗೆ ಅವನೂ ಹೊರಗೆ ಬಂದ. ಮುದ್ದಯ್ಯನ ಮುಂದೆ ನಿಂತು ಕೈ ಚಾಚಿದ.

“ನನ್ನ ಪಾಲು ಕೊಡು.”

“ಗುಡ್ಡೆ ಆಗ್ಲೇ ಕೊಟ್ಟೆನಲ್ಲ, ಸಾಮಿ.”

“ಅದಲ್ಲ. ಪೂರಾ ನಿಂಗೇ ಉಳೀತದೆ ಅಂದೆಯಲ್ಲ, ಅದ್ರಲ್ಲಿ.”

ಮುದುಕನ ಕಣ್ಣು ತುಂಬಿತು. ಆ ಕೈಯಲ್ಲಿ ಏನಿಡಬೇಕೆಂದು ತಿಳಿಯದೆ ತನ್ನ ಕೈಯನ್ನೇ ಇಟ್ಟ. ಶಿವನಂಜ ಅವನನ್ನು ಹಿಡಿದೆಬ್ಬಿಸಿ ಒಳಗೆ ಕರೆದುಕೊಂಡು ಹೋದ. ಗುರುಗಳು ಹಿಂದೆ ಬಂದರು.

ಮೂರು ಎಲೆ ಹಾಕಿ, ಮುದ್ದೆ ಇಟ್ಟು, ಶಿವನಂಜ ಸೌಟು ಎತ್ತಿಕೊಂಡ.

“ನಂಗೆ ಬಾಡು ಬ್ಯಾಡಿ, ಸಾಮಿ,” ಅಂದ ಮುದ್ದಯ್ಯ. “ಮುದ್ದೆಗೆ ಉಪ್ಪು ಮೆಣಸಿನಕಾಯಿ ಸಾಕು.”

ಸೌಟು ಹಿಡಿದ ಕೈ ಹಾಗೇ ನಿಂತಿತು.

“ಬುದ್ಧಿ, ಒಂದು ಮಾತು ಹೇಳಿಬಿಡಿ. ತಿನ್ನಬೇಕೋ, ಬಿಡಬೇಕೋ?”

“ಇದು ಸತ್ತಾಗಿದೆ. ಚೆಲ್ಲಿದರೆ ಬದುಕೋದಿಲ್ಲ. ಬಡಿಸು.”

“ಮುಂದಕ್ಕೆ?”

ಬೂದಯ್ಯ ತಮ್ಮ ಎಲೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ಮುಂದಿನ ಸಲ ಆಡು ಕೂಗಿದಾಗ, ಮಂತ್ರಾನ ಮೆಲ್ಲಗೆ ಹೇಳು.”